ಮನೆಯಲ್ಲಿ ನೋಡಬೇಕಾದ ಕನ್ನಡದ ಹೊಸ ಸಿನಿಮಾಗಳು: ಆಯ್ಕೆಯಿಂದ ವೀಕ್ಷಣೆಯವರೆಗೆ

ಹೊಡೆದಾಟ, ಕುಣಿತ, ನಾಯಕನ ಎಂಟ್ರಿ ಇವ್ಯಾವುದನ್ನೂ ನೆಚ್ಚಿಕೊಳ್ಳದೆ ಕಥೆ ಮತ್ತು ಪಾತ್ರಗಳ ಬಲದಿಂದಲೇ ನಡೆಯುವ ಸಿನಿಮಾಗಳು ಕನ್ನಡದಲ್ಲಿ ಇತ್ತೀಚೆಗೆ ಒಂದರ ಹಿಂದೊಂದು ಬರುತ್ತಿವೆ. ಚಿತ್ರಮಂದಿರದಲ್ಲಿ ಇಂಥವು ಹೆಚ್ಚು ದಿನ ನಿಲ್ಲುವುದಿಲ್ಲ. ಸಣ್ಣ ಊರುಗಳಿಗೆ ಎಷ್ಟೋ ಸಲ ಬರುವುದೇ ಇಲ್ಲ. ಹೀಗಾಗಿ ಬಹುಪಾಲು ಜನ ಇವನ್ನು ನೋಡುವುದು ಮನೆಯಲ್ಲೇ. ಮೊಬೈಲ್ ತೀಡುತ್ತಾ, ನಡುನಡುವೆ ಎದ್ದು ಓಡಾಡುತ್ತಾ ನೋಡಿದರೆ ಮಾಸ್ ಸಿನಿಮಾಕ್ಕೆ ದೊಡ್ಡ ನಷ್ಟವಿಲ್ಲ. ಮಾತಿಗಿಂತ ಮುಖದಲ್ಲಿ ಹೆಚ್ಚು ಹೇಳುವ ಸಿನಿಮಾಕ್ಕೆ ಅದರಿಂದ ಬಹಳ ಪೆಟ್ಟು ಬೀಳುತ್ತದೆ. ‘ಸಿನಿಮಾ ಸ್ಲೋ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಸಿನಿಮಾ ಅಲ್ಲ, ಅದನ್ನು ನೋಡಿದ ರೀತಿ.

ಮೊದಲ ಕೆಲಸ ಆಯ್ಕೆ. ಯಾರು ಯಾರು ಕೂತು ನೋಡುತ್ತಾರೆ ಎಂಬುದರ ಮೇಲೆ ಇದು ನಿಲ್ಲುತ್ತದೆ. ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರೂ ಕೂರುವ ಮನೆಗೆ ‘ಡೇರ್‌ಡೆವಿಲ್ ಮುಸ್ತಾಫಾ’ (2023) ಒಳ್ಳೆಯ ಆರಂಭ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಶಶಾಂಕ್ ಸೋಗಾಲ್ ತೆರೆಗೆ ತಂದ ಈ ಚಿತ್ರಕ್ಕೆ ಹಣ ಹಾಕಿದವರು ತೇಜಸ್ವಿಯವರ ಅಭಿಮಾನಿಗಳೇ. ಅಬಚೂರಿನ ಕಾಲೇಜಿಗೆ ಮುಸ್ಲಿಂ ಹುಡುಗನೊಬ್ಬ ಬಂದು ಸೇರಿದಾಗ ಉಳಿದವರಲ್ಲಿ ಹುಟ್ಟುವ ಅನುಮಾನ, ಅಸೂಯೆ, ಕೊನೆಗೆ ಸ್ನೇಹ ಎಲ್ಲವೂ ನಗುವಿನ ಜೊತೆಗೇ ಬರುತ್ತವೆ. ಮೂಲ ಕಥೆ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಸಿನಿಮಾ ಮುಗಿದ ಮೇಲೆ ಅದನ್ನು ಮಕ್ಕಳಿಗೆ ಓದಿ ಹೇಳಿದರೆ, ಪುಟಗಳಲ್ಲಿ ಇದ್ದದ್ದು ಪರದೆಗೆ ಬರುವಾಗ ಏನೇನಾಯಿತು ಎಂಬುದು ಅವರಿಗೇ ಕಾಣುತ್ತದೆ. ಅರವತ್ತು-ಎಪ್ಪತ್ತರ ದಶಕದ ಬೆಂಗಳೂರನ್ನು ಬಲ್ಲ ಹಿರಿಯರಿದ್ದರೆ ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶಿಸಿ ನಟಿಸಿದ ‘ಆಚಾರ್ ಆ್ಯಂಡ್ ಕೋ’ (2023) ಆಗಬಹುದು. ಹತ್ತು ಮಕ್ಕಳ ಸಂಸಾರದಲ್ಲಿ ಹೆಣ್ಣುಮಗಳೊಬ್ಬಳು ತನ್ನ ದಾರಿ ಹುಡುಕಿಕೊಳ್ಳುವ ಕಥೆ ಇದು. ಗಟ್ಟಿ ಕಥೆಗಿಂತ ಆ ಕಾಲದ ಮನೆಯ ವಾತಾವರಣವೇ ಇದರ ಹೆಚ್ಚುಗಾರಿಕೆ.

ಹದಿನೈದು ದಾಟಿದ ಮಕ್ಕಳಿರುವ ಮನೆಯವರು ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ ಚಿತ್ರವನ್ನು ತಪ್ಪಿಸಿಕೊಳ್ಳಬಾರದು. ಪಿಯು ಓದುವ ಹುಡುಗ-ಹುಡುಗಿಯ ಖಾಸಗಿ ವಿಡಿಯೊ ಹೊರಬಿದ್ದ ಮೇಲೆ ಕಾಲೇಜು, ಮನೆ, ಜಾತಿ ಮೂರೂ ಹೇಗೆ ಮೈಕೊಡವಿ ಎದ್ದು ನಿಲ್ಲುತ್ತವೆ ಎಂಬುದನ್ನು ಅದು ಯಾರ ಪರವನ್ನೂ ವಹಿಸದೆ ತೋರಿಸುತ್ತದೆ. ತಂದೆ-ತಾಯಿ ಮೊದಲು ತಾವು ನೋಡಿ, ಆಮೇಲೆ ಮಕ್ಕಳ ಜೊತೆ ಕೂರುವುದು ಮೇಲು.

ಸಾವು, ಅಗಲಿಕೆಯನ್ನು ಈಚೆಗೆ ಕಂಡ ಮನೆಯಲ್ಲಿ ಎಚ್ಚರ ಬೇಕು. ರಾಜ್ ಬಿ. ಶೆಟ್ಟಿ ಅವರ ‘ಸ್ವಾತಿ ಮುತ್ತಿನ ಮಳೆ ಹನಿಯೇ’ (2023) ನಡೆಯುವುದು ಗುಣವಾಗದ ಕಾಯಿಲೆಯವರು ಕೊನೆಯ ದಿನ ಕಳೆಯುವ ಆರೈಕೆ ಕೇಂದ್ರದಲ್ಲಿ. ಸುಮಂತ್ ಭಟ್ ಅವರ ‘ಮಿಥ್ಯ’ (2025) ಹೆತ್ತವರನ್ನು ಕಳೆದುಕೊಂಡು ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರುವ ಹನ್ನೊಂದು ವರ್ಷದ ಹುಡುಗನ ಕಥೆ. ಅಳಿಸುವ ಹಟ ಎರಡಕ್ಕೂ ಇಲ್ಲ. ‘ಮಿಥ್ಯ’ದ ಹುಡುಗ ತನ್ನ ದುಃಖವನ್ನು ಬಾಯಿಬಿಟ್ಟು ಹೇಳುವುದೇ ಅಪರೂಪ, ಸಿಟ್ಟಾಗುವುದು, ಸುಮ್ಮನೆ ಕೂರುವುದು, ಸುಳ್ಳು ಹೇಳುವುದು ಇವುಗಳಲ್ಲೇ ಅದು ಕಾಣಿಸಿಕೊಳ್ಳುತ್ತದೆ. ಮಗುವಿನ ಸಂಕಟವನ್ನು ಇಷ್ಟು ಗೌರವದಿಂದ ನೋಡಿದ ಕನ್ನಡ ಚಿತ್ರಗಳು ಕೆಲವೇ.

ಇನ್ನು ಹಳ್ಳಿಯ, ದುಡಿಯುವವರ ಬದುಕಿನ ಚಿತ್ರಗಳು. ‘ಅವಾರ್ಡ್ ಸಿನಿಮಾ’ ಎಂದು ಜನ ಬದಿಗಿಡುವುದು ಇವನ್ನೇ, ಹೆಚ್ಚು ನೋಡಬೇಕಾದದ್ದೂ ಇವನ್ನೇ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಗೆದ್ದು, 2024ರಲ್ಲಿ ಇಲ್ಲಿ ತೆರೆಕಂಡಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವಾಕೆ. ಶಕ್ತಿವರ್ಧಕ ಪಾನೀಯವೊಂದರ ಚೈನ್ ವ್ಯಾಪಾರಕ್ಕೆ ಇದ್ದ ಹಣವನ್ನೆಲ್ಲ ಸುರಿದು, ಊರಿನ ಮನೆಮನೆಗೂ ಅದನ್ನು ಹೊತ್ತು ತಿರುಗುತ್ತಾಳೆ. ಇಂಥ ಸ್ಕೀಮುಗಳಿಗೆ ಬಿದ್ದವರು ಪ್ರತಿ ಊರಿನಲ್ಲೂ ಇದ್ದಾರೆ. ಚಿತ್ರ ಆಕೆಯನ್ನು ದಡ್ಡಿ ಎನ್ನುವುದಿಲ್ಲ. ಕಂಪನಿಯವರಿಂದ ಕಲಿತ ಮಾತನ್ನು ತನ್ನ ಭಾಷೆಯಲ್ಲಿ ಒಪ್ಪಿಸುವಾಗ ಆ ಮುಖದಲ್ಲಿ ಮೂಡುವ ಹುಮ್ಮಸ್ಸು ಕಂಡರೆ, ಆಕೆಗೆ ಬೇಕಾದದ್ದು ದುಡ್ಡೊಂದೇ ಅಲ್ಲ, ನಾಲ್ಕು ಜನರ ಮುಂದೆ ತಲೆಯೆತ್ತಿ ನಿಲ್ಲುವ ಅವಕಾಶ ಎಂಬುದು ತಿಳಿಯುತ್ತದೆ. ಶಿವಮ್ಮನ ಪಾತ್ರದ ಶರಣಮ್ಮ ಚೆಟ್ಟಿ ವೃತ್ತಿ ಕಲಾವಿದೆಯಲ್ಲ. ಇತ್ತೀಚಿನ ಕನ್ನಡ ಚಿತ್ರಗಳಲ್ಲಿ ಇದಕ್ಕಿಂತ ನಿಜವಾದ ಅಭಿನಯ ಹುಡುಕುವುದು ಕಷ್ಟ.

ಇದರ ಜೊತೆಗೆ ಉತ್ಸವ್ ಗೋನವಾರ ಅವರ ‘ಫೋಟೋ’ (2024) ಇಡಬಹುದು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ರಾಯಚೂರು ಸೀಮೆಯಿಂದ ಬೆಂಗಳೂರಿಗೆ ಬಂದ ಹುಡುಗ 2020ರ ಲಾಕ್‌ಡೌನ್‌ನಲ್ಲಿ ಅಪ್ಪನ ಜೊತೆ ಊರಿಗೆ ನಡೆಯುತ್ತಾನೆ. ಆ ದಿನಗಳನ್ನು ಮರೆಯತೊಡಗಿರುವವರು ನೋಡಲೇಬೇಕಾದ ಚಿತ್ರ.

ಪ್ರೇಮಕಥೆ ಬೇಕೆನ್ನುವವರಿಗೆ ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ ಇದೆ. ಎರಡು ಭಾಗಗಳೂ 2023ರಲ್ಲೇ, ಸೆಪ್ಟೆಂಬರ್ ಮತ್ತು ನವೆಂಬರ್‌ನಲ್ಲಿ ಬಂದವು. ಮಾಲೀಕರ ಮನೆಯವರು ಮಾಡಿದ ಅಪಘಾತವನ್ನು ಹಣದ ಆಸೆಗೆ ತನ್ನ ತಲೆಗೆ ಕಟ್ಟಿಕೊಂಡು ಜೈಲು ಸೇರುವ ಮನು (ರಕ್ಷಿತ್ ಶೆಟ್ಟಿ), ಹೊರಗೆ ಕಾಯುವ ಪ್ರಿಯಾ (ರುಕ್ಮಿಣಿ ವಸಂತ್). ಎರಡನ್ನೂ ಸೇರಿಸಿದರೆ ನಾಲ್ಕೂವರೆ ಗಂಟೆ ದಾಟುತ್ತದೆ. ಒಂದೇ ರಾತ್ರಿ ಕೂರುವುದು ಬೇಡ. ಸೈಡ್ ಎ ಮುಗಿಸಿ ಒಂದೆರಡು ದಿನ ಬಿಟ್ಟು ಸೈಡ್ ಬಿ ಹಾಕಿದರೆ, ನಡುವೆ ಹತ್ತು ವರ್ಷ ಕಳೆದದ್ದು ಮನಸ್ಸಿಗೆ ಸರಿಯಾಗಿ ತಟ್ಟುತ್ತದೆ. ಎರಡರಲ್ಲಿ ಮೊದಲನೆಯದೇ ಬಿಗಿ. ಎರಡನೆಯದು ಅಲ್ಲಲ್ಲಿ ಎಳೆದರೂ ಚೈತ್ರಾ ಆಚಾರ್ ಅವರ ಪಾತ್ರಕ್ಕಾಗಿ ನೋಡಬೇಕು.

ಆಯ್ಕೆಯಾದ ಮೇಲೆ ಸಿನಿಮಾ ಎಲ್ಲಿದೆ ಎಂದು ಹುಡುಕಬೇಕು. ‘ಸಪ್ತ ಸಾಗರದಾಚೆ ಎಲ್ಲೋ’ ಪ್ರೈಮ್ ವಿಡಿಯೊದಲ್ಲಿ ಬಂದಿತ್ತು. ಆದರೆ ಒಟಿಟಿಗಳ ಪ್ರಸಾರ ಹಕ್ಕು ಸಾಮಾನ್ಯವಾಗಿ ಅವಧಿಗೆ ಕಟ್ಟುಬಿದ್ದಿರುತ್ತದೆ; ಇಂದು ಇದ್ದ ಚಿತ್ರ ಮುಂದಿನ ವರ್ಷ ಇಲ್ಲದಿರಬಹುದು, ಚಂದಾದಾರರಿಗೆ ಉಚಿತವಿದ್ದದ್ದು ಬಾಡಿಗೆಗೆ ಹೋಗಬಹುದು. ಚಂದಾ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೆಯುತ್ತಾರೆ. ‘ಸಪ್ತ’ ಎಂಬಲ್ಲಿ ಟಿ ನಂತರ ಎಚ್ ಬಿಟ್ಟರೆ ಸಿಗುವ ಚಿತ್ರ, ಎಚ್ ಸೇರಿಸಿದರೆ ಸಿಗದಿರಬಹುದು. ಸಿಗದಿದ್ದಾಗ ನಿರ್ದೇಶಕರ ಅಥವಾ ನಟರ ಹೆಸರು ಹಾಕಿ ಹುಡುಕುವುದೇ ಸುಲಭ ಉಪಾಯ.

ಪ್ಲೇ ಒತ್ತುವ ಮೊದಲು ವಯೋಮಿತಿ ಗಮನಿಸಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಗಳು ಯು, ಯು/ಎ 7+, 13+, 16+ ಮತ್ತು ಎ ಎಂಬ ಗುರುತುಗಳನ್ನು ತೋರಿಸಬೇಕು. 13+ ಮತ್ತು ಅದರ ಮೇಲಿನವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯವೂ ಇರಬೇಕು. ಸೆಟ್ಟಿಂಗ್ಸ್‌ನಲ್ಲಿ ಪಿನ್ ಹಾಕಿಬಿಟ್ಟರೆ ಮುಗಿಯಿತು.

ಟಿವಿಯ ತಯಾರಿಗೆ ಐದು ನಿಮಿಷ ಸಾಕು. ಅಂಗಡಿಯಿಂದ ಬಂದ ಟಿವಿ ಎಷ್ಟೋ ಸಲ ಬಣ್ಣ ಉಕ್ಕುವ ‘ವಿವಿಡ್’ ಅಥವಾ ಅಂಥದೇ ಮೋಡ್‌ನಲ್ಲಿರುತ್ತದೆ. ಅದನ್ನು ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್‌ಗೆ ಬದಲಿಸಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ತಯಾರಾಗುತ್ತದೆ. ಟಿವಿ ನಡುವೆ ತನ್ನದೇ ಫ್ರೇಮ್‌ಗಳನ್ನು ತುಂಬಿ ಚಲನೆಯನ್ನು ನುಣುಪು ಮಾಡಿದಾಗ ಒಳ್ಳೆಯ ಸಿನಿಮಾವೂ ಧಾರಾವಾಹಿಯಂತೆ ಕಾಣುತ್ತದೆ. ಈ ಸೌಲಭ್ಯಕ್ಕೆ ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನ ಹಲವು ಮಾದರಿಗಳಲ್ಲಿ ಆಟೋ ಮೋಷನ್ ಪ್ಲಸ್ ಎಂದು ಹೆಸರು. ಅದನ್ನು ಆಫ್ ಮಾಡಬೇಕು. ಮಾತು ಸಣ್ಣಗೆ, ಸಂಗೀತ ಜೋರಾಗಿ ಕೇಳಿಸಿದರೆ ಆಡಿಯೊ ಪಟ್ಟಿಯಲ್ಲಿ 5.1 ಬದಲು ಸ್ಟೀರಿಯೊ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೊಪ್ಪಳದ ಮಾತು ಮಂಗಳೂರಿನವರಿಗೆ, ಕರಾವಳಿಯ ಮಾತು ಮೈಸೂರಿನವರಿಗೆ ಮೊದಲ ಹತ್ತು ನಿಮಿಷ ತೊಡಕೆನಿಸಬಹುದು; ಆಮೇಲೆ ಕಿವಿ ಒಗ್ಗುತ್ತದೆ. ಸಬ್‌ಟೈಟಲ್ ಹಾಕಿಕೊಂಡರೆ ಕಣ್ಣು ಕೆಳಗೇ ಉಳಿದು ಮುಖಗಳು ತಪ್ಪಿಹೋಗುತ್ತವೆ. ತೀರಾ ಬೇಕೆನಿಸಿದರೆ ಮಾತ್ರ ಹಾಕುವುದು ಒಳ್ಳೆಯದು.

ಮೊಬೈಲ್ ಡೇಟಾದಲ್ಲಿ ನೋಡುವವರಿಗೆ ಎಚ್‌ಡಿ ಗುಣಮಟ್ಟ ಗಂಟೆಗೆ ಸುಮಾರು 3 ಜಿಬಿವರೆಗೆ ನುಂಗಬಹುದು. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು ವೈಫೈ ಸಿಕ್ಕಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುವುದು ವಾಸಿ. ಸಮಯ ಊಟವಾದ ಮೇಲಿನದ್ದಿರಲಿ, ದೀಪ ಆರಿರಲಿ, ಫೋನ್ ಬೇರೆ ಕೋಣೆಯಲ್ಲಿರಲಿ. ಮಧ್ಯಂತರದಲ್ಲಿ ಒಮ್ಮೆ ನಿಲ್ಲಿಸುವುದರಿಂದ ತೊಂದರೆಯಿಲ್ಲ. ನಿಧಾನದ ದೃಶ್ಯಗಳನ್ನು ಹತ್ತು ಸೆಕೆಂಡು ಮುಂದೆ ಓಡಿಸುವ ಅಭ್ಯಾಸವನ್ನು ಮಾತ್ರ ಬಿಡಲೇಬೇಕು. ಶಿವಮ್ಮ ಆಗಲಿ, ಮಿಥ್ಯದ ಹುಡುಗ ಆಗಲಿ ಏನನ್ನಾದರೂ ಹೇಳುವುದು ಅಂಥ ಹತ್ತು ಸೆಕೆಂಡುಗಳಲ್ಲೇ.

ಕೊನೆಯದಾಗಿ ಹಣದ ಮಾತು. ಸಣ್ಣ ಕನ್ನಡ ಚಿತ್ರಗಳನ್ನು ಒಟಿಟಿಗಳು ಪೂರ್ತಿ ಬೆಲೆ ಕೊಟ್ಟು ಕೊಳ್ಳುವುದು ಕಡಿಮೆ. ‘ಮಿಥ್ಯ’ದ ಸುಮಂತ್ ಭಟ್ ಅವರೂ ಸೇರಿ ರೂಪಿಸಿದ ‘ಏಕಂ’ ಎಂಬ ವೆಬ್ ಸರಣಿಗೆ ಯಾವ ಒಟಿಟಿಯೂ ಸಿಗದೆ, 2024ರಲ್ಲಿ ತಂಡ ತನ್ನದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ಹಲವು ಚಿತ್ರಗಳಿಗೆ ಸಿಗುವುದು ಜನ ಎಷ್ಟು ಹೊತ್ತು ನೋಡಿದರು ಎಂಬ ಲೆಕ್ಕದ ಪಾಲು ಮಾತ್ರ. ಟೆಲಿಗ್ರಾಂನಲ್ಲಿ ಬಂದ ಕಳ್ಳ ಪ್ರತಿ ನೋಡಿದರೆ ಚಿತ್ರ ಮಾಡಿದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ. ಬಾಡಿಗೆ ಕಟ್ಟಿಯೋ ಚಂದಾ ಕಟ್ಟಿಯೋ ನೋಡಿ, ಆರಂಭಿಸಿದ್ದನ್ನು ಕೊನೆಯವರೆಗೂ ನೋಡಿ.