ಅಗ್ನಿಶಾಮಕನ ಉಸಿರು

ಮಂಗಳೂರಿನ ಉತ್ತರಕ್ಕೆ, ಸುರತ್ಕಲ್ಲಿನ ಬಳಿ, 1996ರಿಂದ ಕೆಲಸ ನಡೆಸುತ್ತಿರುವ ತೈಲ ಶುದ್ಧೀಕರಣ ಕಾರ್ಖಾನೆಯಿದೆ. ಪಣಂಬೂರಿನಲ್ಲಿ ಬಂದರವೂ ರಸಗೊಬ್ಬರದ ಕಾರ್ಖಾನೆಯೂ ಇವೆ. ಇಂತಹ ಸ್ಥಳಗಳಲ್ಲಿ ಬೆಂಕಿಯನ್ನು ನಂದಿಸಲು ನೀರು, ನೊರೆ, ಪಂಪುಗಳು ಸಿದ್ಧವಾಗಿರುತ್ತವೆ. ಆದರೆ ಹೊಗೆಯೊಳಗೆ ಹೋಗುವವನು ಮನುಷ್ಯನಷ್ಟೆ. ಒಂದೇ ಬಗೆಯ ಉಪಕರಣವನ್ನು ಧರಿಸಿದ ಇಬ್ಬರಲ್ಲಿ ಒಬ್ಬನು ಹೆಚ್ಚು ಹೊತ್ತು ದುಡಿಯುವುದೂ ಇನ್ನೊಬ್ಬನು ಬೇಗನೆ ಹಿಂದಿರುಗುವುದೂ ಏಕೆಂಬುದನ್ನು ನೋಡೋಣ.

ಅವನ ಬೆನ್ನಿನ ಮೇಲಿರುವ ಸಿಲಿಂಡರಿನ ಗಾತ್ರ 6 ಲೀಟರ್, ಒತ್ತಡ 300 ಬಾರ್ ಎಂದಿಟ್ಟುಕೊಳ್ಳೋಣ. ಬಾಯ್ಲನ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಅದರಲ್ಲಿ ಸ್ಥೂಲವಾಗಿ 1800 ಲೀಟರ್ ಗಾಳಿಯಿದೆಯೆಂದು ಕೂಡಲೇ ಹೇಳಬಲ್ಲರು. ನಿಮಿಷಕ್ಕೆ 40 ಲೀಟರಿನಂತೆ ಉಸಿರಾಡುವವನಿಗೆ ಅದು 45 ನಿಮಿಷ ಸಾಕಾಗುತ್ತದೆ. 80 ಲೀಟರ್ ಸೇದುವವನಿಗೆ ಇಪ್ಪತ್ತಮೂರು ನಿಮಿಷವೂ ಬಾರದು. ಕೊನೆಯ ಭಾಗವನ್ನು ಹೊರಬರುವುದಕ್ಕೆಂದು ಮೀಸಲಿಡಬೇಕಾದುದರಿಂದ ಕೆಲಸಕ್ಕೆ ಸಿಗುವ ವೇಳೆ ಇನ್ನೂ ಕಡಿಮೆ.

ಈ ವ್ಯತ್ಯಾಸಕ್ಕೆ ದೇಹದ ಪಳಗುವಿಕೆ ಒಂದು ಕಾರಣ. ನಿತ್ಯ ವ್ಯಾಯಾಮದಿಂದ ಹೃದಯವು ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಅದೇ ಕೆಲಸಕ್ಕೆ ಏದುಸಿರು ಕಡಿಮೆ. ತೂಕ ಹೆಚ್ಚಿದವನಾದರೋ ಉಪಕರಣದ ಜೊತೆಗೆ ತನ್ನನ್ನೂ ಹೊರಬೇಕು. ಭಯವು ಎರಡನೆಯ ಕಾರಣ. ಹೆದರಿದವನ ಉಸಿರು ಚಿಕ್ಕದು, ಬಿರುಸು. ಪ್ರತಿ ಉಸಿರಿನಲ್ಲಿಯೂ ಸುಮಾರು 150 ಮಿಲಿಲೀಟರ್ ಗಾಳಿ ಶ್ವಾಸನಾಳಗಳಲ್ಲಿಯೇ ಉಳಿದು ರಕ್ತಕ್ಕೆ ತಲುಪದು. ಆದ್ದರಿಂದ 500 ಮಿಲಿಲೀಟರಿನ ಉಸಿರಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ವ್ಯರ್ಥ. 1500ರ ಆಳವಾದ ಉಸಿರಿನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ. ಹೊಗೆ ತುಂಬಿದ ಕೋಣೆಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು ಧೈರ್ಯಕ್ಕಾಗಿ ಮಾತ್ರವಲ್ಲ, ಗಾಳಿಯ ಉಳಿತಾಯಕ್ಕಾಗಿಯೂ ಹೌದು. (ಗಡ್ಡವೂ ಇಲ್ಲಿ ಅಡ್ಡಿಯೇ: ಮುಖವಾಡದ ಅಂಚು ಚರ್ಮಕ್ಕೆ ಬಿಗಿಯಾಗಿ ಕೂರದೆ ಗಾಳಿ ಸೋರುತ್ತದೆ.)

ಕರಾವಳಿಯಲ್ಲಿ ಸೆಕೆಯ ಸಂಗತಿಯೂ ಸೇರುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ತೇವ ತುಂಬಿದ ಗಾಳಿಯಲ್ಲಿ, ಅದಕ್ಕೂ ಮಿಗಿಲಾಗಿ ದಪ್ಪ ಉಡುಪಿನೊಳಗೆ, ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಯಕ್ಷಗಾನದ ವೇಷಧಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈ ಕಾಯುತ್ತದೆ, ನಾಡಿ ಏರುತ್ತದೆ, ತೀರ್ಮಾನ ತಪ್ಪುತ್ತದೆ. ಹತ್ತು ಹದಿನಾಲ್ಕು ದಿನ ಸೆಕೆಯಲ್ಲಿ ದುಡಿದವನ ದೇಹ ಒಗ್ಗಿಕೊಳ್ಳುತ್ತದೆ. ಆದರೆ ಒಗ್ಗಿದ ದೇಹ ಇನ್ನಷ್ಟು ಬೆವರುವುದರಿಂದ ಅದಕ್ಕೆ ನೀರು ಹೆಚ್ಚು ಬೇಕು. ನಿದ್ದೆಗೆಟ್ಟವನಿಗೆ, ನೀರು ಕುಡಿಯದೆ ಬಂದವನಿಗೆ ಈ ಹೊರೆ ಬೇಗ ತಟ್ಟುತ್ತದೆ.

ವಯಸ್ಸಿನೊಡನೆ ಹೃದಯದ ಗರಿಷ್ಠ ವೇಗ ಇಳಿಯುತ್ತದೆ, ನಿಜ. ಆದರೂ ಅನುಭವಿಯು ವ್ಯರ್ಥ ಓಡಾಟವಿಲ್ಲದೆ ದುಡಿಯುವುದನ್ನು ನಾವು ಕಡೆಗಣಿಸಲಾಗದು. ಒಳಹೋದ ತಂಡದಲ್ಲಿ ಯಾರ ಗಾಳಿ ಮೊದಲು ತಗ್ಗುವುದೋ ಅವನ ಮಾಪಕವನ್ನು ನೋಡಿಯೇ ಎಲ್ಲರೂ ಹಿಂದಿರುಗುತ್ತಾರೆ.