ಯಾವುದರ ಇಪ್ಪತ್ತು ಪರ್ಸೆಂಟ್?

ಮಹಿಳಾ ಫಿಟ್‌ನೆಸ್ ಸ್ಪರ್ಧೆ ಅಂದ್ರೆ ಭಾರ ಎತ್ತೋದಲ್ಲ. 1995ರಲ್ಲಿ ಶುರುವಾದ ಫಿಟ್‌ನೆಸ್ ಒಲಿಂಪಿಯಾದಲ್ಲಿ ಮೈಕಟ್ಟಿಗೊಂದು ಸುತ್ತು, ಹಾಡಿನ ಜೊತೆ ಮಾಡುವ ಕಸರತ್ತಿಗೊಂದು ಸುತ್ತು. ತೀರ್ಪುಗಾರರು ಸ್ಥಾನ ಬರೆಯುತ್ತಾರೆ. ಮೊತ್ತ ಕಡಿಮೆ ಬಂದವಳೇ ವಿಜೇತೆ. ಐವರು 1, 2, 2, 3, 6 ಎಂದು ಬರೆದರು ಅನ್ನಿ. ತುದಿಯ 1 ಮತ್ತು 6 ಬಿಟ್ಟು ಕೂಡಿದರೆ 7. ಲ್ಯಾಬ್‌ನಲ್ಲಿ ನಾವು ಔಟ್‌ಲೈಯರ್ ತೆಗೀತೀವಲ್ಲ, ಹಾಗೇ. ಒಬ್ಬರ ಪಕ್ಷಪಾತ ಇದರಿಂದ ಕಡಿಮೆಯಾಗುತ್ತೆ, ನಿಜ.

ಆದರೆ ಎಲ್ಲರ ಕೈಲಿರೋ ಅಳತೆಗೋಲೇ ಸೊಟ್ಟಗಿದ್ದರೆ? 2004ರ ಡಿಸೆಂಬರ್‌ನಲ್ಲಿ ಐಎಫ್‌ಬಿಬಿ ವೃತ್ತಿಪರ ವಿಭಾಗವು ಬಾಡಿಬಿಲ್ಡಿಂಗ್, ಫಿಟ್‌ನೆಸ್, ಫಿಗರ್ ಮಹಿಳೆಯರು ಸ್ನಾಯುಗಳನ್ನು 20 ಪರ್ಸೆಂಟ್ ಕಡಿಮೆ ಮಾಡಿಕೊಳ್ಳಬೇಕೆಂದು ಸುತ್ತೋಲೆ ಕಳಿಸಿತು. ಯಾವುದರ 20? ತೂಕದ್ದೋ, ಸುತ್ತಳತೆಯದ್ದೋ? ಇಂಟರ್ನಲ್ಸ್‌ನಲ್ಲಿ ಹೀಗೆ ಬರೆದರೆ ನಮಗ್ಯಾರೂ ಮಾರ್ಕ್ಸ್ ಕೊಡಲ್ಲ. ಅಂದಹಾಗೆ, ಆ ಸುತ್ತೋಲೆ ಗಂಡಸರಿಗಿರಲಿಲ್ಲ.