ಪಿಎಚ್‌.ಡಿ. ಆದಮೇಲೆ ಪೋಸ್ಟ್‌ಡಾಕ್: ದಾಳಿಂಬದ ಕಡೆಯವರಿಗೆ ಹಂತ ಹಂತದ ಕೈಪಿಡಿ

ಮಹಾರಾಷ್ಟ್ರದ ಗಡಿಭಾಗದ ದಾಳಿಂಬ, ಉಮರ್ಗಾ, ನಿಲಂಗಾ, ಉದಗೀರದ ಕಡೆ ವಿಜ್ಞಾನದಲ್ಲಿ ಪಿಎಚ್‌.ಡಿ. ಮುಗಿಸಿದವರು ಪ್ರಾಧ್ಯಾಪಕ ಹುದ್ದೆಯ ಜಾಹೀರಾತಿಗೆ ಕಾಯುತ್ತ ಕೂರಬೇಕಿಲ್ಲ. ಪೋಸ್ಟ್‌ಡಾಕ್ ಎಂಬುದು ಇನ್ನೊಂದು ಪದವಿಯಲ್ಲ. ತಿಂಗಳು ತಿಂಗಳು ಫೆಲೋಶಿಪ್ ಪಡೆದು, ಹಿರಿಯ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಸ್ವಂತ ಸಂಶೋಧನೆ ನಡೆಸುವ ಅವಧಿ ಅದು.

ಹಂತ 1: ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ
"ಭೂಕಂಪಗಳ ಅಧ್ಯಯನ" ಎಂದರೆ ಅದು ವಿಷಯ, ಪ್ರಶ್ನೆಯಲ್ಲ. ಭೂಕಂಪದ ಭಯವಿಲ್ಲವೆಂದು ನಂಬಿದ್ದ ನೆಲ 1993ರ ಸೆಪ್ಟೆಂಬರ್ 30ರಂದು ನಮ್ಮ ಸಮೀಪದ ಕಿಲ್ಲಾರಿಯಲ್ಲಿ ಯಾಕೆ ಕಂಪಿಸಿತು? ಇದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳು ಅಲ್ಲಿ ಕಪ್ಪುಕಲ್ಲಿನ ಪದರ ದಾಟಿ ಕೆಳಗಿನ ತಳಶಿಲೆಯೊಳಕ್ಕೆ 617 ಮೀಟರ್ ಆಳದವರೆಗೆ ಕೊರೆದರು. ನಿಮ್ಮ ಪ್ರಶ್ನೆಯೂ ಇಷ್ಟೇ ಖಚಿತವಾಗಿರಲಿ.

ಹಂತ 2: ಮಾರ್ಗದರ್ಶಕರನ್ನು ಹುಡುಕಿ
ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಅವರ ಇತ್ತೀಚಿನ ಲೇಖನಗಳನ್ನು ಓದಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ (ಸ್ಥಾಪನೆ 2009), ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯ (1980), ನಾಂದೇಡದ ಸ್ವಾಮಿ ರಮಾನಂದ ತೀರ್ಥ ಮರಾಠವಾಡ ವಿಶ್ವವಿದ್ಯಾಲಯ (1994), ಹೈದರಾಬಾದ್ ವಿಶ್ವವಿದ್ಯಾಲಯ (1974) ನಮಗೆ ಹತ್ತಿರದವು. ಪಿಎಚ್‌.ಡಿ. ಮಾಡಿದ ಜಾಗ ಬಿಟ್ಟು ಬೇರೆಡೆ ಹೋದರೆ ಹೊಸ ವಿಧಾನ ಕಲಿಯುತ್ತೀರಿ.

ಹಂತ 3: ಪತ್ರ ಬರೆಯಿರಿ
ಅರ್ಧ ಪುಟ ಸಾಕು. ಅವರ ಯಾವ ಲೇಖನ ಓದಿದಿರಿ, ಅದರಿಂದ ನಿಮಗೆ ಎದ್ದ ಪ್ರಶ್ನೆ ಯಾವುದು, ನಿಮಗೆ ಚೆನ್ನಾಗಿ ಬರುವ ತಂತ್ರ ಯಾವುದು ಎಂಬ ಮೂರು ಮಾತು ಇರಲಿ. ಒಂದೇ ಪತ್ರವನ್ನು ಹತ್ತು ಜನರಿಗೆ ಕಳಿಸಬೇಡಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ವಿನಯದಿಂದ ನೆನಪಿಸಿ.

ಹಂತ 4: ಫೆಲೋಶಿಪ್ ಆರಿಸಿ
ಮೊದಲು ನೋಡಬೇಕಾದ್ದು ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್. ಅವಧಿ 2 ವರ್ಷ. ವಯೋಮಿತಿ 35 ವರ್ಷ; ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ 5 ವರ್ಷ ಸಡಿಲಿಕೆ. ಪ್ರಬಂಧ ಸಲ್ಲಿಸಿ ಪದವಿಗೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು. ಜೈವಿಕ ತಂತ್ರಜ್ಞಾನದವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ರಿಸರ್ಚ್ ಅಸೋಸಿಯೇಟ್‌ಶಿಪ್, ಮಹಿಳೆಯರಿಗೆ ವೈಸ್-ಪಿಡಿಎಫ್ ಕೂಡ ಇವೆ. ಮೊತ್ತ, ಕೊನೆಯ ದಿನಾಂಕಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿ.

ಹಂತ 5: ಕಾಗದಪತ್ರ ಸರಿಪಡಿಸಿ
ಗಡಿಭಾಗದವರು ಎಡವುವುದು ಇಲ್ಲೇ. ಮಹಾರಾಷ್ಟ್ರದ ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ನಿಮ್ಮ ಹೆಸರು, ಕೊನೆಗೆ ತಂದೆಯ ಹೆಸರು. ಲೇಖನಗಳಲ್ಲಿ ಅದೇ ಹೆಸರು ಬೇರೆ ಕ್ರಮದಲ್ಲಿ ಅಚ್ಚಾಗಿರುತ್ತದೆ. ಸಂಶೋಧಕರಿಗೆ ಕೊಡುವ 16 ಅಂಕಿಗಳ ಆರ್ಕಿಡ್ (ORCID) ಗುರುತುಸಂಖ್ಯೆ ಮಾಡಿಸಿಕೊಂಡು ಎಲ್ಲ ಲೇಖನಗಳನ್ನೂ ಅದಕ್ಕೆ ಜೋಡಿಸಿ; ಅದು ಉಚಿತ. ಹಿಂದುಳಿದ ವರ್ಗದವರಿಗೆ ಬೇಕಾದದ್ದು ಕೇಂದ್ರ ಸರಕಾರದ ನಮೂನೆಯ ಪ್ರಮಾಣಪತ್ರ. ತಹಸೀಲ ಕಚೇರಿಗೆ ಮುಂಚೆಯೇ ಹೋಗಿ. ಮಾರ್ಗದರ್ಶಕರ ಸಂಸ್ಥೆಯ ಒಪ್ಪಿಗೆಪತ್ರಕ್ಕೂ ಸಹಿಗಳು ಬೇಕು. ಅದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಹಂತ 6: ಅರ್ಜಿ ಹಾಕಿ, ಕೆಲಸ ನಿಲ್ಲಿಸಬೇಡಿ
ಫಲಿತಾಂಶಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಪ್ರಬಂಧದ ಉಳಿದ ಅಧ್ಯಾಯವನ್ನು ಲೇಖನವಾಗಿಸಿ ಪತ್ರಿಕೆಗೆ ಕಳಿಸಿ. ಒಮ್ಮೆ ಆಗದಿದ್ದರೆ ತಿದ್ದಿ ಮತ್ತೆ ಹಾಕಿ.

ವಯೋಮಿತಿ ಯಾರಿಗೂ ಕಾಯುವುದಿಲ್ಲ. ಮೊದಲ ಪತ್ರವನ್ನು ಈ ವಾರವೇ ಬರೆಯಿರಿ.